ನಾಲ್ಕು ಜನರ ಹಾಡು: ನಮ್ಮ ರಾಕ್ ಬ್ಯಾಂಡ್ ಬೆಳೆದದ್ದು, ಮುರಿದದ್ದು

ನಮ್ಮ ಬ್ಯಾಂಡ್ ಯಾಕೆ ನಿಂತುಹೋಯಿತು ಅಂತ ಈಗಲೂ ಜನ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಇರುತ್ತದೆ. ದುಡ್ಡಿನ ಜಗಳ ಇರಬೇಕು, ಇಲ್ಲಾ ಅಹಂಕಾರ ಇರಬೇಕು ಅಂದುಕೊಂಡಿರುತ್ತಾರೆ. ನಿಜವಾದ ಕಾರಣ ಒಂದು ಹಾಡು. ನಾವು ನಾಲ್ಕು ಜನ ಸೇರಿ ಮಾಡಿದ ಹಾಡು. ಅದು ಯಾರದ್ದು ಅಂತ ಕೇಳಿದರೆ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತಿದ್ದೆವು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ಅದು ಬಗೆಹರಿಯಲಿಲ್ಲ.

ನಾನು ಬಾಸ್ ಗಿಟಾರ್ ನುಡಿಸುತ್ತಿದ್ದೆ. ಜೊತೆಗೆ ಒಬ್ಬ ಡ್ರಮ್ಮರ್, ಒಬ್ಬ ಗಿಟಾರಿಸ್ಟ್, ಒಬ್ಬಳು ಗಾಯಕಿ. ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಬ್ಯಾಂಡಿನ ಹೆಸರನ್ನೂ ಬರೆಯುವುದಿಲ್ಲ, ಅದಕ್ಕೆ ಕಾರಣ ಮುಂದೆ ಬರುತ್ತದೆ. ಡ್ರಮ್ಮರ್ ಮತ್ತು ಗಿಟಾರಿಸ್ಟ್ ಶಾಲೆಯಲ್ಲಿ ಒಂದೇ ಬೆಂಚಿನವರು. ನಾನು ಆಮೇಲೆ ಸೇರಿಕೊಂಡವನು. ಗಾಯಕಿ ಎಲ್ಲರಿಗಿಂತ ಕೊನೆಗೆ ಬಂದಳು. ಶಾಸ್ತ್ರೀಯ ಸಂಗೀತ ಕಲಿತಿದ್ದಳು. ಡ್ರಮ್ಸ್ ಪಕ್ಕ ನಿಂತು ಹಾಡಿ ಅವಳಿಗೆ ಅಭ್ಯಾಸವೇ ಇರಲಿಲ್ಲ.

ಎಲ್ಲ ಬ್ಯಾಂಡುಗಳ ಹಾಗೆ ನಾವೂ ಬೇರೆಯವರ ಹಾಡುಗಳಿಂದಲೇ ಶುರು ಮಾಡಿದೆವು. ಕವರ್ ನುಡಿಸಿದರೆ ಕೈ ಪಳಗುತ್ತದೆ. ಹಾಡಿನ ಕಟ್ಟಡ ಹೇಗಿರುತ್ತದೆ, ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಅನ್ನುವುದು ತಿಳಿಯುತ್ತದೆ. ಆದರೆ ಆ ದಿನಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಸಣ್ಣ ಸಣ್ಣ ವೇದಿಕೆ, ಗೆಳೆಯರೇ ಪ್ರೇಕ್ಷಕರು, ಖರ್ಚು ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅಸಲಿ ಕೆಲಸ ನಡೆಯುತ್ತಿದ್ದದ್ದು ಪ್ರಾಕ್ಟೀಸ್ ಕೋಣೆಯಲ್ಲಿ.

ಆ ಕೋಣೆಯಲ್ಲಿ ನಾವು ಮೊದಲು ಎದುರಿಸಿದ್ದು ಶಬ್ದದ ಸಮಸ್ಯೆ. ಡ್ರಮ್ಸ್‌ಗೆ ವಾಲ್ಯೂಮ್ ಬಟನ್ ಇರುವುದಿಲ್ಲ. ಸಣ್ಣ ಕೋಣೆಯಲ್ಲಿ ಜೋರಾಗಿ ಬಾರಿಸಿದರೆ ಸಲೀಸಾಗಿ 100 ಡೆಸಿಬೆಲ್ ದಾಟುತ್ತದೆ. ಗಿಟಾರಿಸ್ಟ್‌ಗೆ ತನ್ನದು ಕೇಳಿಸುವುದಿಲ್ಲ, ಗಿಟಾರಿನ ಶಬ್ದ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ, ಅಂದರೆ ಆಂಪ್ ಏರಿಸುತ್ತಾನೆ. ಆಗ ನನ್ನದು ಮುಳುಗುತ್ತದೆ, ನಾನೂ ಏರಿಸುತ್ತೇನೆ. ಕೊನೆಗೆ ಗಾಯಕಿ ಗಂಟಲು ಹರಿದುಕೊಂಡು ಹಾಡಬೇಕು. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ನಯೋಶ್ ಎಂಬ ಸಂಸ್ಥೆ ಇದೆ. ಅದರ ಲೆಕ್ಕದಲ್ಲಿ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. 100 ಡೆಸಿಬೆಲ್‌ಗೆ ಬಂದರೆ ಬರೀ 15 ನಿಮಿಷ. ನಾವು ಸಂಜೆಯೆಲ್ಲಾ ಅದರಲ್ಲೇ ಇರುತ್ತಿದ್ದೆವು. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು.

ಗಿಟಾರಿಸ್ಟ್ 50 ವಾಟ್ ಆಂಪ್ ಕೊಟ್ಟು 100 ವಾಟ್‌ನದ್ದು ತಂದ. ಶಬ್ದ ಎರಡು ಪಟ್ಟು ಆಗುತ್ತದೆ ಅಂದುಕೊಂಡಿದ್ದ. ವಾಟ್ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ಕೊನೆಗೆ ದಾರಿ ತೋರಿಸಿದವಳು ಗಾಯಕಿ. ಆಂಪ್ ನೆಲದ ಮೇಲಿತ್ತು. ಗಿಟಾರ್ ಸ್ಪೀಕರಿನ ಚೂಪು ಶಬ್ದ ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ. ಅದು ಅವನ ಮೊಣಕಾಲಿಗೆ ಬಡಿದು, ಎದುರಿಗೆ ನಿಂತ ಅವಳ ಕಿವಿಗೆ ಹೋಗುತ್ತಿತ್ತು. "ಅದನ್ನ ಎತ್ತಿ ಕುರ್ಚಿ ಮೇಲಿಡು, ನಿನ್ನ ಮುಖಕ್ಕೇ ತಿರುಗಿಸು, ಆಗ ನೋಡೋಣ" ಅಂದಳು. ಇಟ್ಟ. ಒಂದು ನಿಮಿಷ ನುಡಿಸಿ ತಾನೇ ವಾಲ್ಯೂಮ್ ಇಳಿಸಿದ. ಆ ದಿನದಿಂದ ನಾವು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಲು ಶುರು ಮಾಡಿದೆವು. ಬ್ಯಾಂಡ್ ಆದದ್ದು ಆಗಲೇ ಅಂತ ನನಗೆ ಅನ್ನಿಸುತ್ತದೆ.

ಡ್ರಮ್ಮರ್ ಮತ್ತು ನಾನು ಉಳಿದವರಿಗಿಂತ ಬೇಗ ಬಂದು ಇಬ್ಬರೇ ಕೂತುಕೊಳ್ಳುತ್ತಿದ್ದೆವು. ಬಾಸ್‌ನ ದಪ್ಪ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಕಾಲಿನಿಂದ ಪೆಡಲ್ ತುಳಿದು ಬಾರಿಸುವ ಕಿಕ್ ಡ್ರಮ್ಮಿನ ಗುದ್ದು ಕೂಡ ಅದರ ಸ್ವಲ್ಪ ಮೇಲೆ, ಅದೇ ಜಾಗದಲ್ಲೇ ಇರುತ್ತದೆ. ಎರಡೂ ಒಟ್ಟಿಗೆ ಬಿದ್ದರೆ ಒಂದೇ ವಾದ್ಯದ ಹಾಗೆ ಕೇಳಿಸುತ್ತದೆ. ಕೂದಲೆಳೆ ಆಚೀಚೆ ಆದರೂ ಗಲೀಜು. ಹಾಗಾಗಿ ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿಕೊಂಡು ತುಂಬಾ ನಿಧಾನದ ಲಯದಲ್ಲಿ ಕೂರುತ್ತಿದ್ದೆವು. ವೇಗವಾಗಿ ನುಡಿಸುವುದಕ್ಕಿಂತ ನಿಧಾನಕ್ಕೆ ನುಡಿಸುವುದೇ ಕಷ್ಟ. ಎರಡು ಪೆಟ್ಟಿನ ಮಧ್ಯೆ ಅಷ್ಟೊಂದು ಖಾಲಿ ಜಾಗ ಇರುತ್ತದೆ. ಅಲ್ಲಿ ಅವಸರ ಪಡದೆ ಕಾಯಬೇಕು. ಅವನ ಬಲಗಾಲಿನ ಹೆಬ್ಬೆರಳು ಪೆಡಲ್ ಮೇಲೆ ಇಳಿಯುವುದನ್ನು ನೋಡುತ್ತಾ ನಾನು ತಂತಿ ಮೀಟುತ್ತಿದ್ದೆ. ಕೆಲವು ತಿಂಗಳಾದ ಮೇಲೆ ನೋಡುವ ಅಗತ್ಯವೇ ಬೀಳಲಿಲ್ಲ.

ಇನ್ನು ಆ ಹಾಡು.

ಒಂದು ಸಂಜೆ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಗಿಟಾರಿನ ತಂತಿ ಹರಿಯಿತು. ಗಿಟಾರಿಸ್ಟ್ ಮೂಲೆಯಲ್ಲಿ ಕೂತು ಹೊಸ ತಂತಿ ಸುತ್ತುತ್ತಿದ್ದ. ಡ್ರಮ್ಮರ್ ಸುಮ್ನೆ ಕೂರಲಾರದೆ ಹೈಹ್ಯಾಟ್ ಅನ್ನುವ ಜೋಡಿ ತಟ್ಟೆಗಳ ಮೇಲೆ ಏನೋ ತಟ್ಟುತ್ತಿದ್ದ. ಕಿವಿಗೊಟ್ಟರೆ ನಾಲ್ಕರ ಎಣಿಕೆ ಅಲ್ಲ, ಏಳು. ರಾಕ್ ಹಾಡುಗಳಲ್ಲಿ ಮುಕ್ಕಾಲು ಪಾಲು ನಾಲ್ಕರ ಎಣಿಕೆಯವೇ. ಆದರೆ ನಮ್ಮ ಕಿವಿಗೆ ಏಳು ಹೊಸದಲ್ಲ, ಏಳೆಣಿಕೆಯ ಮಿಶ್ರಛಾಪು ತಾಳ ಕೇಳಿ ಬೆಳೆದವರು ನಾವು. ತಕಿಟ ತಕದಿಮಿ, ಮೂರು ಮತ್ತು ನಾಲ್ಕು. ಅವನ ಕಿಕ್ ಮೊದಲನೇ ಪೆಟ್ಟಿಗೆ ಮತ್ತು ನಾಲ್ಕನೇ ಪೆಟ್ಟಿಗೆ ಬೀಳುತ್ತಿತ್ತು. ನಾನು ಆ ಎರಡು ಪೆಟ್ಟಿಗೆ ಎರಡು ಸ್ವರ ಇಟ್ಟೆ, ಅಷ್ಟೇ. ಗಾಯಕಿ ಬ್ಯಾಗಿಗೆ ನೀರಿನ ಬಾಟಲಿ ತುರುಕುತ್ತಿದ್ದವಳು ನಿಂತು ಗುನುಗಲು ಶುರು ಮಾಡಿದಳು. ಗಿಟಾರಿಸ್ಟ್ ತಂತಿ ಶ್ರುತಿ ಮಾಡಿಕೊಂಡು ಬಂದು, ಸ್ವಲ್ಪ ಹೊತ್ತು ಕೇಳಿ, ನಾಲ್ಕು ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ ಮೀಟುವ ಹಿಡಿತ, ಹಾಕಿದ. ಆ ಕಾರ್ಡ್‌ಗಳು ಬಂದ ಕೂಡಲೇ ಗುನುಗಿಗೆ ದಿಕ್ಕು ಸಿಕ್ಕಿತು. ಡ್ರಮ್ಮರ್ ತಟ್ಟಲು ಶುರು ಮಾಡಿದಾಗಲೇ ನಾನು ಫೋನಿನಲ್ಲಿ ರೆಕಾರ್ಡ್ ಒತ್ತಿದ್ದೆ. ಆ ರೆಕಾರ್ಡಿಂಗ್ ಈಗಲೂ ನನ್ನ ಹತ್ತಿರ ಇದೆ. ಶುರುವಿನಲ್ಲಿ ಬಾಟಲಿ ಉರುಳುವ ಸದ್ದೂ ಇದೆ.

ಮನೆಗೆ ಹೋಗಿ ಗಿಟಾರಿಸ್ಟ್ ಅದರ ಮೇಲೆ ವಾರಗಟ್ಟಲೆ ಕೂತ. ಗುನುಗನ್ನು ತಿದ್ದಿ ತೀಡಿ ಪಲ್ಲವಿಯ ಟ್ಯೂನ್ ಮಾಡಿದ, ಪಲ್ಲವಿಯ ಸಾಲು ಬರೆದ. ಚರಣಗಳನ್ನು ಗಾಯಕಿ ಬರೆದಳು. ರಾಕ್ ಟ್ಯೂನಿಗೆ ಕನ್ನಡ ಕೂರಿಸುವುದು ಒಂದು ಬೇರೆಯೇ ಕೆಲಸ. ಇಂಗ್ಲಿಷಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ. ನಮ್ಮಲ್ಲಿ ಅಕ್ಷರ ಗಿಡ್ಡವೋ ಉದ್ದವೋ ಅನ್ನುವುದು ಮುಖ್ಯ. ಹ್ರಸ್ವವನ್ನು ಎಳೆದರೆ ದೀರ್ಘವಾಗಿ ಅರ್ಥವೇ ಬದಲಾಗಬಹುದು. ಹಾಗಾಗಿ ಉದ್ದ ಸ್ವರ ಬರುವ ಜಾಗಕ್ಕೆ ಉದ್ದ ಅಕ್ಷರವೇ ಬೇಕು. ಇನ್ನೊಂದು ಕಡೆ ಅನುಕೂಲವೂ ಇದೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಸಾಲಿನ ಕೊನೆಯನ್ನು ಎಷ್ಟು ಬೇಕಾದರೂ ಎಳೆಯಬಹುದು. ಅವಳು ಈ ಲೆಕ್ಕವನ್ನೆಲ್ಲಾ ಬೆರಳಲ್ಲಿ ಎಣಿಸಿ ಎಣಿಸಿ ಬರೆದಳು. ಕೇಳುವವರಿಗೆ ಆ ಶ್ರಮ ಎಲ್ಲೂ ಕಾಣಿಸುತ್ತಿರಲಿಲ್ಲ. ನನ್ನ ಮಟ್ಟಿಗೆ ನಮ್ಮ ನಾಲ್ವರಲ್ಲಿ ಅತಿ ಒಳ್ಳೆಯ ಕೆಲಸ ಅವಳದ್ದೇ.

ಆ ಹಾಡು ಬಂದ ಮೇಲೆ ಎಲ್ಲಾ ಬದಲಾಯಿತು. ಶೋ ಕೊಡುವವರು ನಾವು ಫೋನ್ ಮಾಡುವ ಮೊದಲೇ ತಾವೇ ಮಾಡಲು ಶುರು ಮಾಡಿದರು. ಗೊತ್ತಿಲ್ಲದ ಜನ ಬಂದು ಮುಂದಿನ ಸಾಲಿನಲ್ಲಿ ನಿಂತು ಚರಣ ಹಾಡುತ್ತಿದ್ದರು. ಒಂದು ದೊಡ್ಡ ಸಂಗೀತೋತ್ಸವದಲ್ಲಿ ಹಗಲು ಹೊತ್ತಿನ ಅರ್ಧ ಗಂಟೆ ಸಿಕ್ಕಿತು. ಪೂರ್ತಿ ಸೌಂಡ್ ಚೆಕ್ ಇಲ್ಲ. ಹಿಂದಿನ ತಂಡ ಇಳಿದು ನಾವು ಹತ್ತುವ ನಡುವೆ ಒಂದೊಂದೇ ವಾದ್ಯದ ಲೈನ್ ಸರಿ ಇದೆಯಾ ಅಂತ ನೋಡುವುದು, ಶುರು ಮಾಡುವುದು. ಅಷ್ಟು ದೊಡ್ಡ ವೇದಿಕೆ ನಮಗೆ ಹೊಸದು. ಕೋಣೆಯಲ್ಲಿ ಡ್ರಮ್ಮರ್ ಕೈಗೆ ಸಿಗುವಷ್ಟು ಹತ್ತಿರ ಇರುತ್ತಿದ್ದ. ಇಲ್ಲಿ 10 ಮೀಟರ್ ದೂರ. ಶಬ್ದಕ್ಕೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. 10 ಮೀಟರ್ ಅಂದರೆ 30. ಅಷ್ಟು ತಡವಾಗಿ ಬಂದ ಕಿಕ್ಕಿಗೆ ನಾನು ತಂತಿ ಮೀಟಿದರೆ ಕೆಳಗೆ ನಿಂತವರಿಗೆ ನಾವಿಬ್ಬರೂ ಬೇರೆ ಬೇರೆ ಕೇಳಿಸುತ್ತೇವೆ. ನಾನು ನೇರ ಹೋಗಿ ಅವನ ಹೈಹ್ಯಾಟ್ ಪಕ್ಕ ನಿಂತುಬಿಟ್ಟೆ. ಪೂರ್ತಿ ಶೋ ಅಲ್ಲೇ.

ಗಾಯಕಿಗೆ ಮೊದಲ ಹಾಡಿನಲ್ಲೇ ಮೈಕ್ ಕೂಗಿಕೊಂಡಿತು. ಉತ್ಸಾಹದಲ್ಲಿ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದಿದ್ದಳು. ನಮ್ಮ ಕೈಯಲ್ಲಿದ್ದದ್ದು ಶ್ಯೂರ್ ಎಸ್‌ಎಂ58, 1966ರಿಂದ ವೇದಿಕೆಗಳಲ್ಲಿ ಇರುವ ಮೈಕ್. ಅದು ಮುಂದಿನಿಂದ ಬರುವ ಶಬ್ದವನ್ನು ಹಿಡಿದು ಹಿಂದಿನಿಂದ ಬರುವುದನ್ನು ಬಿಡುತ್ತದೆ. ಅದಕ್ಕೇ ವೇದಿಕೆ ಮೇಲಿನವರಿಗೆ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಕಾಲ ಬಳಿ ಇದ್ದರೂ ತಡೆದುಕೊಳ್ಳುತ್ತದೆ. ಜಾಲರಿ ಮುಚ್ಚಿದರೆ ಆ ಗುಣವೇ ಹೋಗಿ ಎಲ್ಲ ಕಡೆಯ ಶಬ್ದ ಒಳಗೆ ನುಗ್ಗುತ್ತದೆ. ಸೌಂಡ್ ಡೆಸ್ಕಿನಲ್ಲಿದ್ದವರು ದೂರದಿಂದಲೇ ಕೈ ಕೆಳಗೆ ಹಿಡಿ ಅಂತ ಸನ್ನೆ ಮಾಡಿದರು. ಅವಳು ಹಿಡಿಕೆಗೆ ಕೈ ಇಳಿಸಿದ ಕೂಡಲೇ ಕೂಗು ನಿಂತಿತು.

ಏಳರ ಹಾಡು ಕೊನೆಗಿತ್ತು. ಜನ ಚಪ್ಪಾಳೆ ಹೊಡೆಯಲು ಶುರು ಮಾಡಿದರು, ಎರಡೆರಡು ಪೆಟ್ಟಿಗೆ ಒಂದು. ಏಳರಲ್ಲಿ ಹಾಗೆ ಹೊಡೆದರೆ ಮೊದಲ ಆವರ್ತದಲ್ಲಿ ಚಪ್ಪಾಳೆ 1, 3, 5, 7ಕ್ಕೆ ಬೀಳುತ್ತದೆ, ಮುಂದಿನದರಲ್ಲಿ 2, 4, 6ಕ್ಕೆ. ಎರಡು ಆವರ್ತ ಮುಗಿದ ಮೇಲೇ ಮತ್ತೆ ಒಂದಕ್ಕೆ ಬಂದು ಸೇರುತ್ತದೆ. ನಡುವೆ ಜನಕ್ಕೆ ತಾವು ತಪ್ಪಿದೆವು ಅನ್ನಿಸಿ ಕೈ ನಿಧಾನ ಆಗುತ್ತದೆ. ಗಾಯಕಿ ಗಿಟಾರಿನ ಸೋಲೋ ನಡೆಯುವಾಗ ಮೈಕ್ ಸ್ಟ್ಯಾಂಡಿಗೆ ಸಿಕ್ಕಿಸಿ, ಮೂರು-ನಾಲ್ಕು ಅಂತ ಒಡೆದು ಒಂದಕ್ಕೆ, ನಾಲ್ಕಕ್ಕೆ ತಾನೇ ಚಪ್ಪಾಳೆ ತಟ್ಟಿ ತೋರಿಸಿದಳು. ಎರಡು ಸುತ್ತು ಆಗುವಷ್ಟರಲ್ಲಿ ಮೈದಾನ ಪೂರ್ತಿ ಕಲಿತುಬಿಟ್ಟಿತು. ಡ್ರಮ್ಮರ್ ಕೈ ಎತ್ತಿ ಬಾರಿಸುವುದನ್ನೇ ನಿಲ್ಲಿಸಿದ. ಬರೀ ಜನರ ಚಪ್ಪಾಳೆ, ಅದರ ಮೇಲೆ ಗಿಟಾರ್. ನನ್ನ ಬದುಕಿನಲ್ಲಿ ಅಷ್ಟು ಸಂತೋಷ ಪಟ್ಟ ಹೊತ್ತು ಬಹಳ ಕಡಿಮೆ.

ಅದರ ಬೆನ್ನಿಗೇ ಸ್ಟುಡಿಯೋಗೆ ಹೋದೆವು. ಕೂಡಿಟ್ಟ ಶೋ ದುಡ್ಡು ಸಾಕಾಗದೆ ಉಳಿದದ್ದನ್ನು ಗಿಟಾರಿಸ್ಟ್ ಕೈಯಿಂದ ಹಾಕಿದ. ಇಂಜಿನಿಯರ್ ಡ್ರಮ್ಸ್‌ಗೆ ಮೈಕ್ ಇಡಲೇ ಅರ್ಧ ದಿನ ತೆಗೆದುಕೊಂಡರು. ಮೇಲಿನ ಎರಡು ಮೈಕುಗಳಿಂದ ಸ್ನೇರ್ ಡ್ರಮ್ಮಿನ ನಡುವಿಗೆ ಟೇಪ್ ಹಿಡಿದು ಅಳೆದರು. ಎರಡೂ ದೂರ ಸರಿಸಮ ಇರಬೇಕು. ಇಲ್ಲದಿದ್ದರೆ ಒಂದೇ ಪೆಟ್ಟು ಒಂದು ಮೈಕಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪಿ, ಎರಡನ್ನೂ ಸೇರಿಸಿದಾಗ ಶಬ್ದ ತೆಳ್ಳಗಾಗುತ್ತದೆ. ಡ್ರಮ್ಮರ್ ಹೆಡ್‌ಫೋನಿನಲ್ಲಿ ಏಳರ ಕ್ಲಿಕ್ ಹಾಕಿಕೊಂಡು ಬಾರಿಸಿದ. ಒಳ್ಳೆಯ ಟೇಕ್ ಬಂದಾಗ ಇಂಜಿನಿಯರ್ ತಲೆ ಎತ್ತಿ ಗಾಜಿನಾಚೆಯಿಂದ ಅವನನ್ನೇ ಸ್ವಲ್ಪ ಹೊತ್ತು ನೋಡಿದರು. "ಈ ಹಾಡು ನಿಂತಿರೋದೇ ಇವರ ಮೇಲೆ" ಅಂದರು. ಗಿಟಾರಿಸ್ಟ್ ಪಕ್ಕದಲ್ಲೇ ಇದ್ದ.

ಹಾಡನ್ನು ಎಲ್ಲ ಆ್ಯಪ್‌ಗಳಿಗೆ ಕಳಿಸುವಾಗ ಒಂದು ಫಾರಂ ತುಂಬಬೇಕು. ಸಂಗೀತ ಯಾರದ್ದು, ಸಾಹಿತ್ಯ ಯಾರದ್ದು ಅಂತ ಅದರಲ್ಲಿ ಹಾಕಲೇಬೇಕು. ಆ ಕೆಲಸವನ್ನೆಲ್ಲಾ ಗಿಟಾರಿಸ್ಟೇ ನೋಡಿಕೊಳ್ಳುತ್ತಿದ್ದ, ಉಳಿದ ನಾವು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸಂಗೀತ ಅಂತ ಇದ್ದ ಕಡೆ ತನ್ನ ಹೆಸರು ಹಾಕಿದ. ಸಾಹಿತ್ಯ ಅಂತ ಇದ್ದ ಕಡೆ ತನ್ನದು ಮತ್ತು ಗಾಯಕಿಯದು. ಅವನ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ತಿಂಗಳುಗಳಾದ ಮೇಲೆ ಹಾಡು ಚೆನ್ನಾಗಿ ಓಡುತ್ತಿದ್ದಾಗ ಡ್ರಮ್ಮರನ ತಂಗಿ ಫೋನಿನಲ್ಲಿ ಹಾಡಿನ ವಿವರ ತೆಗೆದು, "ಅಣ್ಣಾ, ಇದರಲ್ಲಿ ನಿನ್ನ ಹೆಸರೇ ಇಲ್ವಲ್ಲ" ಅಂದಳಂತೆ. ಆ ವಾರ ಪ್ರಾಕ್ಟೀಸ್‌ಗೆ ಬಂದವನು ಕೋಲು ಕೈಗೆ ತೆಗೆದುಕೊಳ್ಳಲಿಲ್ಲ.

"ಆ ಬೀಟ್ ಇಲ್ಲದಿದ್ರೆ ಈ ಹಾಡು ಎಲ್ಲಿತ್ತು ಹೇಳು?"

"ಮಗಾ, ಬೀಟ್ ಅಂದ್ರೆ ಹಾಡಲ್ಲ ಕಣೋ. ಜನ ಗುನುಗೋದು ಟ್ಯೂನು."

"ಮೈದಾನದಲ್ಲಿ ಜನ ತಟ್ಟಿದ್ದು ಏನನ್ನ?"

ಗಿಟಾರಿಸ್ಟ್ ಉತ್ತರ ಕೊಡಲಿಲ್ಲ. ಇಬ್ಬರೂ ಹೇಳಿದ್ದರಲ್ಲಿ ನ್ಯಾಯ ಇತ್ತು. ಹಾಡಿಗೆ ಎರಡು ಹಕ್ಕು ಇರುತ್ತವೆ. ಒಂದು ಹಾಡಿನ ರಚನೆಯದ್ದು, ಇನ್ನೊಂದು ಅದರ ರೆಕಾರ್ಡಿಂಗಿನದ್ದು. ರಚನೆ ಅಂದರೆ ಟ್ಯೂನ್ ಮತ್ತು ಸಾಹಿತ್ಯ ಅನ್ನುವುದು ಹಳೆಯ ರೂಢಿ. ಡ್ರಮ್ ಬೀಟ್, ಬಾಸ್ ಸಾಲು ಇವೆಲ್ಲ ಸಾಮಾನ್ಯವಾಗಿ ಅಲಂಕಾರದ ಲೆಕ್ಕ. ಪದ್ಯಕ್ಕೆ ಟ್ಯೂನ್ ಹಾಕಿ ಕಾಗದದ ಮೇಲೆ ಬರೆದು ಮಾರುತ್ತಿದ್ದ ಕಾಲಕ್ಕೆ ಇದು ಸರಿ ಇರಬಹುದು. ಕೋಣೆಯಲ್ಲಿ ಒಟ್ಟಿಗೆ ನಿಂತು ಹಾಡು ಕಟ್ಟುವ ಬ್ಯಾಂಡಿಗೆ ಇದು ಹೊಂದುವುದಿಲ್ಲ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ದೊಡ್ಡ ದೊಡ್ಡ ಬ್ಯಾಂಡುಗಳೂ ಇದರಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಬೀಟಲ್ಸ್‌ನ ಲೆನನ್ ಮತ್ತು ಮೆಕಾರ್ಟ್ನಿ ಯಾರು ಬರೆದರೂ ಇಬ್ಬರ ಹೆಸರೂ ಹಾಕುವುದು ಅಂತ ಮಾತು ಮಾಡಿಕೊಂಡಿದ್ದರು. ಕ್ವೀನ್ ಬ್ಯಾಂಡಿನವರು ಮೊದಲೆಲ್ಲಾ ಬರೆದವರ ಹೆಸರು ಹಾಕಿ, 1989ರ ಆಲ್ಬಮ್‌ನಲ್ಲಿ ಬ್ಯಾಂಡಿನ ಹೆಸರಿಗೇ ಎಲ್ಲ ಹಾಡು ಬರೆದರು. ಆರ್‌ಇಎಂ ಬ್ಯಾಂಡಿನ ನಾಲ್ವರು ತಮ್ಮ ಹಾಡುಗಳಿಗೆ ನಾಲ್ಕೂ ಹೆಸರು ಹಾಕುತ್ತಿದ್ದರು. ಅವರ ಡ್ರಮ್ಮರ್ 1997ರಲ್ಲಿ ಬಿಟ್ಟುಹೋದಾಗಲೂ, 2011ರಲ್ಲಿ ಬ್ಯಾಂಡ್ ನಿಲ್ಲಿಸಿದಾಗಲೂ ಸ್ನೇಹವಾಗಿಯೇ ಬಿಟ್ಟರು. ಇನ್ನೊಂದು ಕಡೆ ಪ್ರೋಕಾಲ್ ಹೇರಮ್ ಎಂಬ ಬ್ರಿಟಿಷ್ ಬ್ಯಾಂಡ್ ಇತ್ತು. ಅವರ 1967ರ ಪ್ರಸಿದ್ಧ ಹಾಡಿನ ಆರ್ಗನ್ ಭಾಗ ನುಡಿಸಿದ ಮ್ಯಾಥ್ಯೂ ಫಿಷರ್, ಹಾಡಿನ ಸಂಗೀತದಲ್ಲಿ ನನಗೂ ಪಾಲಿದೆ ಅಂತ ಕೋರ್ಟಿಗೆ ಹೋದರು. ಮೊದಲ ಕೋರ್ಟ್ 40 ಶೇಕಡಾ ಪಾಲು ಕೊಟ್ಟಿತು. ಮೇಲ್ಮನವಿಗಳೆಲ್ಲ ಮುಗಿದು 2009ರಲ್ಲಿ ಬ್ರಿಟನ್ನಿನ ಆಗಿನ ಅತಿ ಮೇಲಿನ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಎತ್ತಿಹಿಡಿಯಿತು. ಹಾಡು ಬಂದು ಆಗಲೇ 42 ವರ್ಷ ಆಗಿತ್ತು. ನಮ್ಮ ಡ್ರಮ್ಮರ್ ಈ ಸುದ್ದಿಯನ್ನು ನಮ್ಮ ಗ್ರೂಪಿನಲ್ಲಿ ಹಾಕಿದ್ದ, ಮೇಲೆ ಒಂದು ಮಾತೂ ಬರೆಯದೆ.

ಗಿಟಾರಿಸ್ಟ್ ಕೂಡ ಹಟಮಾರಿ ಆಗಿರಲಿಲ್ಲ. ಬರುವ ದುಡ್ಡನ್ನು ನಾಲ್ಕು ಸಮಪಾಲು ಮಾಡೋಣ ಅಂದ, ಮಾಡಿಯೂ ತೋರಿಸಿದ. ಆದರೆ ಹೆಸರು ಬದಲಿಸಲು ಮನಸ್ಸು ಬರಲಿಲ್ಲ. ವಾರಗಟ್ಟಲೆ ಒಬ್ಬನೇ ಕೂತು ಟ್ಯೂನ್ ಮಾಡಿದ್ದು ತಾನು, ಕೈಯಿಂದ ದುಡ್ಡು ಹಾಕಿದ್ದು ತಾನು. ಡ್ರಮ್ಮರನಿಗೆ ಬೇಕಿದ್ದದ್ದು ಹೆಸರು. ದುಡ್ಡಿನ ಬಗ್ಗೆ ಅವನು ಒಂದು ದಿನವೂ ಕೇಳಿದವನಲ್ಲ. ಒಬ್ಬ ಕೊಡಲು ತಯಾರಿದ್ದದ್ದು ಇನ್ನೊಬ್ಬನಿಗೆ ಬೇಕಿರಲಿಲ್ಲ. ನನಗೆ ನನ್ನ ಹೆಸರು ಅಲ್ಲಿರಬೇಕು ಅನ್ನಿಸಿತ್ತಾ ಅಂತ ಕೇಳಿದರೆ, ಹೌದು, ಅನ್ನಿಸಿತ್ತು. ಎರಡೇ ಸ್ವರ ಆದರೂ ನನ್ನದು ಅಲ್ವಾ.

ಅಲ್ಲಿಂದ ಮುಂದೆ ಜಗಳ ಏನೂ ಆಗಲಿಲ್ಲ. ಬ್ಯಾಂಡ್ ಮುರಿಯುವುದು ಹೊರಗಿನವರಿಗೆ ಕಾಣಿಸದೇ ಇರುವುದು ಇದಕ್ಕೇ. ಶೋಗಳು ನಡೆದವು, ಜನ ಕುಣಿದರು, ಫೋಟೋದಲ್ಲಿ ನಾವು ನಗುತ್ತಲೇ ಇದ್ದೆವು. ನನಗೆ ಗೊತ್ತಾದದ್ದು ಪ್ರಾಕ್ಟೀಸ್ ಕೋಣೆಯಲ್ಲಿ. ಡ್ರಮ್ಮರ್ ಮೊದಲು ಹಾಡು ಹಾಡಿನ ನಡುವೆ ಏನಾದರೂ ತಟ್ಟುತ್ತಲೇ ಇರುತ್ತಿದ್ದ. ಈಗ ಹಾಡು ಮುಗಿದ ಕೂಡಲೇ ಕೋಲುಗಳನ್ನು ಸ್ನೇರ್ ಮೇಲೆ ಅಡ್ಡ ಇಟ್ಟು ಫೋನ್ ತೆಗೆಯುತ್ತಿದ್ದ. ಹಾಡಿಗೆ ಬೇಕಾದಷ್ಟು ಬಾರಿಸುತ್ತಿದ್ದ, ಅದಕ್ಕಿಂತ ಒಂದು ಪೆಟ್ಟು ಜಾಸ್ತಿ ಇಲ್ಲ. ನಮ್ಮ ಹಾಡುಗಳೆಲ್ಲ ಹುಟ್ಟಿದ್ದೇ ಆ ನಡುವಿನ ಹೊತ್ತಿನಲ್ಲಿ. ಅದು ಹೋದ ಮೇಲೆ ಹೊಸ ಹಾಡು ಬರುವುದೂ ನಿಂತಿತು.

ಆ ಖಾಲಿಯನ್ನು ತುಂಬಲು ಗಿಟಾರಿಸ್ಟ್ ಮನೆಯಲ್ಲೇ ಕಂಪ್ಯೂಟರಿನಲ್ಲಿ ಪೂರ್ತಿ ಹಾಡು ಮಾಡಿಕೊಂಡು ಬರತೊಡಗಿದ. ಡ್ರಮ್ಸ್, ಬಾಸ್ ಎಲ್ಲವೂ ಪ್ರೋಗ್ರಾಂ ಆಗಿರುತ್ತಿತ್ತು. ಹಾಡುಗಳು ಚೆನ್ನಾಗಿದ್ದವು. ನಾವು ಅದನ್ನು ಕೇಳಿ ಕಲಿತು ನುಡಿಸಬೇಕು, ಅಷ್ಟೇ. ನಮ್ಮದೇ ಬ್ಯಾಂಡಿನಲ್ಲಿ ನಾವು ಕವರ್ ನುಡಿಸುವವರಾದೆವು. ಡ್ರಮ್ಮರ್ ಒಂದು ದಿನ ಕಂಪ್ಯೂಟರ್ ಕಡೆ ಕೈ ತೋರಿಸಿ, "ಅದೇ ಚೆನ್ನಾಗಿ ಬಾರಿಸ್ತಾ ಇದೆಯಲ್ಲ ಗುರು" ಅಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಜಾರು ಜಾಸ್ತಿ ಇತ್ತು.

ಅದೇ ಸಮಯಕ್ಕೆ ಗಾಯಕಿಗೆ ಒಂದು ಸಂಗೀತ ಕಂಪನಿಯಿಂದ ಅವಕಾಶ ಬಂತು, ಅವಳೊಬ್ಬಳಿಗೇ. ಅವಳು ಮುಚ್ಚಿಡದೆ ಮರುದಿನವೇ ಹೇಳಿದಳು. ಡ್ರಮ್ಮರನ ಕೆಲಸದ ಪಾಳಿ ಬದಲಾಗಿ ಸಂಜೆಗಳು ಕೈತಪ್ಪಿದ್ದವು. ಎರಡು ಶೋಗೆ ಬೇರೆ ಡ್ರಮ್ಮರನ್ನು ಕರೆದೆವು. ಹುಡುಗ ಚೆನ್ನಾಗಿಯೇ ಬಾರಿಸಿದ. ಆದರೆ ಏಳರ ಹಾಡು ಬಂದಾಗ ನನ್ನ ಕೈ ತಡವರಿಸಿತು. ಲಯ ಸರಿ ಇತ್ತು, ಎಲ್ಲಾ ಸರಿ ಇತ್ತು. ಆ ಬೀಟಿಗೆ ಎರಡು ಸ್ವರ ಇಟ್ಟಾಗ ನಾನು ನೋಡುತ್ತಿದ್ದ ಕಾಲು ಅದಲ್ಲ.

ನಿಲ್ಲಿಸೋಣ ಅಂತ ಬಾಯಿಬಿಟ್ಟು ಹೇಳಿದವಳು ಗಾಯಕಿ. "ನಾನು ಹೋಗ್ತಿರೋದಕ್ಕೆ ಅಲ್ಲ. ನಾವು ಈಗ ಒಬ್ಬರ ಮುಖ ಒಬ್ಬರು ನೋಡದೇ ನುಡಿಸ್ತಾ ಇದೀವಿ. ನನಗೆ ಹಾಡೋಕೆ ಆಗ್ತಿಲ್ಲ" ಅಂದಳು. ಯಾರೂ ಬೇಡ ಅನ್ನಲಿಲ್ಲ. ಗಿಟಾರಿಸ್ಟ್ ಅತ್ತ. ನಾನು ಅವನು ಅಳುವುದನ್ನು ಅದೇ ಮೊದಲು ನೋಡಿದ್ದು.

ಬ್ಯಾಂಡ್ ನಿಲ್ಲಿಸುವುದು ಒಂದು ಮಾತಿಗೆ ಮುಗಿಯುವುದಿಲ್ಲ. ಬೀಟಲ್ಸ್ ಪಾಲುದಾರಿಕೆ ಮುಗಿಸಬೇಕು ಅಂತ ಮೆಕಾರ್ಟ್ನಿ ಕೋರ್ಟಿಗೆ ಹೋದದ್ದು 1970ರ ಡಿಸೆಂಬರ್ 31ಕ್ಕೆ, ಕಾನೂನಿನ ಪ್ರಕಾರ ಅದು ಮುಗಿದದ್ದು 1975ರಲ್ಲಿ. ನಮ್ಮದು ಚಿಕ್ಕ ಬ್ಯಾಂಡ್. ಆದರೂ ಬಿಡಿಸಬೇಕಾದ ಗಂಟುಗಳು ಇದ್ದವು. ಒಪ್ಪಿಕೊಂಡ ಶೋಗಳು, ಮುಂಗಡ ತೆಗೆದುಕೊಂಡದ್ದು, ಎಲ್ಲರ ದುಡ್ಡಿನಲ್ಲಿ ಕೊಂಡ ಸ್ಪೀಕರ್ ಮತ್ತು ಮೈಕುಗಳು, ಬ್ಯಾಂಡಿನ ಪುಟಗಳ ಪಾಸ್‌ವರ್ಡ್, ಅರ್ಧಕ್ಕೆ ನಿಂತ ರೆಕಾರ್ಡಿಂಗುಗಳು. ನಾನು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಒಂದೊಂದನ್ನೇ ಓದಿ, ಒಪ್ಪಿ, ಪಕ್ಕದಲ್ಲಿ ನಾಲ್ಕೂ ಜನ ಸಹಿ ಹಾಕುತ್ತಾ ಹೋದೆವು. ಸಾಮಾನುಗಳನ್ನು ಮಾರದೆ, ಯಾರಿಗೆ ಯಾವುದು ಉಪಯೋಗವೋ ಅವರು ಇಟ್ಟುಕೊಂಡು ಉಳಿದವರಿಗೆ ಲೆಕ್ಕ ಕೊಡುವುದು ಅಂತ ಆಯಿತು. ಒಪ್ಪಿಕೊಂಡ ಶೋಗಳನ್ನು ನಾವೇ ನಾಲ್ವರು ಮುಗಿಸುವುದು ಅಂತ ಆಯಿತು.

ಹೆಸರಿನ ವಿಷಯಕ್ಕೆ ಬಂದಾಗ ಸ್ವಲ್ಪ ಬಿಸಿ ಆಯಿತು. ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ಬ್ಯಾಂಡಿನಿಂದ ರೋಜರ್ ವಾಟರ್ಸ್ 1985ರಲ್ಲಿ ಹೊರಗೆ ಬಂದ ಮೇಲೆ ಆ ಹೆಸರಿಗಾಗಿ ನಡೆದ ಜಗಳ 1987ರ ಕೊನೆವರೆಗೂ ಎಳೆಯಿತು. ನಮಗೆ ಅದು ಬೇಡವಾಗಿತ್ತು. ನಾಲ್ವರೂ ಒಪ್ಪದೆ ಯಾರೂ ಆ ಹೆಸರನ್ನು ಯಾವುದಕ್ಕೂ ಬಳಸಬಾರದು ಅಂತ ಬರೆದೆವು. ಅದಕ್ಕೇ ಈ ಬರಹದಲ್ಲೂ ಅದು ಇಲ್ಲ.

ಕೊನೆಯ ಸಾಲಿನಲ್ಲಿ ಹಾಡುಗಳು ಇದ್ದವು. ನಾನು ಫೋನ್ ತೆಗೆದು ಆ ಸಂಜೆಯ ರೆಕಾರ್ಡಿಂಗ್ ಹಾಕಿದೆ. ಬಾಟಲಿ ಉರುಳುವ ಸದ್ದು, ಹೈಹ್ಯಾಟ್, ಎರಡು ಸ್ವರ, ಗುನುಗು, ಆಮೇಲೆ ಕಾರ್ಡ್‌ಗಳು. ಗಿಟಾರಿಸ್ಟ್ ತಾನು ಬರುವ ಮೊದಲಿನ ಆ ಭಾಗವನ್ನು ಅಲ್ಲಿವರೆಗೆ ಗಮನ ಕೊಟ್ಟು ಕೇಳಿರಲಿಲ್ಲ. ಇನ್ನೊಮ್ಮೆ ಹಾಕು ಅಂದ. ಕೇಳಿ ಆದ ಮೇಲೆ ಹಾಳೆ ತನ್ನ ಕಡೆ ಎಳೆದುಕೊಂಡು ಸಂಗೀತ ಅಂತ ಬರೆದು ಮುಂದೆ ನಾಲ್ಕೂ ಹೆಸರು ಬರೆದ. ಮೊದಲು ಡ್ರಮ್ಮರನದು. ಡ್ರಮ್ಮರ್ ಸಾಹಿತ್ಯದ ಜಾಗದಲ್ಲಿ ತನ್ನ ಹೆಸರು ಬೇಡ, ಅದು ಅವರಿಬ್ಬರದೇ ಅಂದ. ಇದು ಒಂದು ವರ್ಷ ಮೊದಲೇ ಆಗಿದ್ದರೆ ಬ್ಯಾಂಡ್ ಉಳಿಯುತ್ತಿತ್ತಾ? ಉಳಿಯುತ್ತಿತ್ತು ಅಂತಲೇ ನಾನು ನಂಬಿದ್ದೇನೆ. ಗಾಯಕಿ ಒಪ್ಪುವುದಿಲ್ಲ. ಅವಳ ಪ್ರಕಾರ ಮುಗಿದ ಮೇಲೇ ಅವನ ಕೈಯಲ್ಲಿ ಅದು ಸಾಧ್ಯವಾಗಿದ್ದು.

ಉಳಿದ ಶೋಗಳಲ್ಲಿ ನಾವು ಹಿಂದೆಂದಿಗಿಂತ ಚೆನ್ನಾಗಿ ನುಡಿಸಿದೆವು. ಯಾರಿಗೂ ಏನನ್ನೂ ಕಾಪಾಡಿಕೊಳ್ಳುವುದು ಇರಲಿಲ್ಲ. ಕೊನೆಯ ಶೋನಲ್ಲಿ ಡ್ರಮ್ಮರ್ ಏಳರ ಹಾಡಿನ ಶುರುವನ್ನು ಬದಲಿಸಿ ಹೊಸದೇನೋ ಬಾರಿಸಿದ. ನಾನು ಅವನ ಕಾಲು ನೋಡಿಕೊಂಡು ಹಿಂದೆ ಹೋದೆ. ಗಿಟಾರಿಸ್ಟ್ ನಗುತ್ತಾ ತಿರುಗಿ ನೋಡಿದ.

ಗಾಯಕಿಯ ಸ್ವಂತ ಹಾಡುಗಳು ಬಂದಿವೆ, ಚೆನ್ನಾಗಿವೆ. ಗಿಟಾರಿಸ್ಟ್ ಬೇರೆಯವರ ಹಾಡುಗಳಿಗೆ ಸಂಗೀತ ಮಾಡಿಕೊಡುತ್ತಾನೆ. ಡ್ರಮ್ಮರ್ ಕೆಲಸದ ನಡುವೆ ಬಿಡುವಾದಾಗ ಮಕ್ಕಳಿಗೆ ಕಲಿಸುತ್ತಾನೆ. ನಾನು ಇನ್ನಿಬ್ಬರ ಜೊತೆ ಹೊಸ ತಂಡ ಮಾಡಿದ್ದೇನೆ. ನಮ್ಮ ಕೋಣೆಯ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಯಾವ ದಿನ ಯಾರ ಕೈಯಿಂದ ಏನು ಬಂತು ಅಂತ ಅವತ್ತೇ ಅದರಲ್ಲಿ ಬರೆಯುತ್ತೇವೆ. ಹೋದ ತಿಂಗಳು ಒಂದು ಹಾಡಿಗೆ ಡ್ರಮ್ಸ್ ಬೇಕಾಗಿತ್ತು. ಹಳೆಯ ಡ್ರಮ್ಮರನಿಗೆ ಫೋನ್ ಮಾಡಿ, ಬಾರಿಸ್ತೀಯಾ ಅಂತ ಕೇಳಿದೆ. ಎಷ್ಟರ ಎಣಿಕೆ ಅಂದ. ಐದು ಅಂದೆ. ಭಾನುವಾರ ಬರ್ತೀನಿ ಅಂತ ಹೇಳಿದ್ದಾನೆ.